ನಡುವೆ ಬಾಯಿ ಹಾಕುವ ಹಕ್ಕು

1957ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟೆನ್ ಎಂಬ ಇಬ್ಬರು ಯಂತ್ರ ವಿನ್ಯಾಸಕರು ತಮ್ಮ ಜೊತೆಗಾರನೊಬ್ಬನ ಮುಂದೆ ಒಂದು ಸಲಹೆ ಇಟ್ಟರು. ಅವರು ಕಟ್ಟಲು ಹೊರಟಿದ್ದ ಹೊಸ ಕಂಪ್ಯೂಟರಿನ ಹೆಸರು ಎಕ್ಸ್-1. ಅದರಲ್ಲಿ ಅಚ್ಚುಯಂತ್ರವಾಗಲಿ, ಪಟ್ಟಿ ಓದುವ ಯಂತ್ರವಾಗಲಿ ತನ್ನ ಕೆಲಸ ಮುಗಿಸಿದ ಕೂಡಲೇ ನಡೆಯುತ್ತಿರುವ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿ ಪ್ರೊಸೆಸರಿನ ಗಮನ ಸೆಳೆಯಬಹುದು ಎಂಬುದು ಆ ಸಲಹೆ. ಆ ಜೊತೆಗಾರ ಎಡ್ಸ್‌ಗರ್ ಡೈಕ್‌ಸ್ಟ್ರಾ. ಆಗ ಅವರಿಗೆ 27 ವರ್ಷ, ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸು. ಅವರು ಸಂತೋಷಪಡಲಿಲ್ಲ, ದಿಗಿಲುಬಿದ್ದರು. ಎಷ್ಟೋ ದಶಕಗಳ ನಂತರ ಬರೆದ ನೆನಪಿನ ಟಿಪ್ಪಣಿಯೊಂದರಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಕೊನೆಗೆ ಆ ಇಬ್ಬರೂ ಅವರನ್ನು ಹೊಗಳಿ ಉಬ್ಬಿಸಿಯೇ ಒಪ್ಪಿಸಬೇಕಾಯಿತಂತೆ. ಒಪ್ಪಿದ ಮೇಲೆ ಅದನ್ನೇ ಹಿಡಿದು ಕೂತು, 1959ರಲ್ಲಿ ಆ ಯಂತ್ರದ ಇಂಟರಪ್ಟ್ ವ್ಯವಸ್ಥೆಯ ಕುರಿತೇ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು.

ಅವರ ದಿಗಿಲು ಏನು ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಕಂಪ್ಯೂಟರ್ ಪ್ರೋಗ್ರಾಮ್ ಅಂದರೆ ಬಾಯಿಪಾಠದ ಹಾಗೆ. ಅದೇ ಅಂಕಿಗಳನ್ನು ಕೊಟ್ಟರೆ ಅದೇ ಕ್ರಮದಲ್ಲಿ ಅದೇ ಹೆಜ್ಜೆಗಳು. ತಪ್ಪಿದ್ದರೆ ಅದೇ ಜಾಗದಲ್ಲಿ ಅದೇ ತಪ್ಪು. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಸಿಕ್ಕಿಬೀಳುತ್ತದೆ. ಹೊರಗಿನ ಯಂತ್ರವೊಂದು ಯಾವ ಗಳಿಗೆಯಲ್ಲಾದರೂ ನಡುವೆ ಬಾಯಿ ಹಾಕಬಹುದು ಅಂದಮೇಲೆ ಈ ಭರವಸೆ ಹೋಯಿತು. ಬಾಯಿ ಹಾಕುವ ಗಳಿಗೆ ಇವತ್ತು ಒಂದಾದರೆ ನಾಳೆ ಇನ್ನೊಂದು. ಸಾವಿರ ಸಲ ಸರಿಯಾಗಿ ನಡೆದ ಪ್ರೋಗ್ರಾಮ್ ಸಾವಿರದ ಒಂದನೇ ಸಲ ಕೆಡಬಹುದು. ಮತ್ತೆ ಓಡಿಸಿ ನೋಡಿದರೆ ಕೆಟ್ಟದ್ದರ ಸುಳಿವೇ ಇರುವುದಿಲ್ಲ. ಪರೀಕ್ಷೆ ಮಾಡಿ ಹಿಡಿಯಲಾಗದ ತಪ್ಪುಗಳ ಕಾಲ ಶುರುವಾಗುವುದನ್ನು ಆ ಯುವಕ ಕಂಡಿದ್ದರು.

ನಾನು ಆಪರೇಟಿಂಗ್ ಸಿಸ್ಟಮ್‌ಗಳ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ. ಈ ವಿಷಯವನ್ನು ಕನ್ನಡದಲ್ಲಿ ಹೇಳಲು ಕೂತಾಗ ಇಂಟರಪ್ಟ್ ಎಂಬುದಕ್ಕೆ ನಿಘಂಟಿನ ‘ಅಡಚಣೆ’ಗಿಂತ ಮನೆಯ ಮಾತೇ ಹೊಂದುತ್ತದೆ ಅನ್ನಿಸಿತು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಗದರಿಸಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಯಾರ ಮಾತಿನ ನಡುವೆ ಯಾರು ಬಾಯಿ ಹಾಕಬಹುದು, ಯಾರು ಕಾಯಬೇಕು, ಎಂಥ ಸುದ್ದಿಯಾದರೆ ಕಾಯದೆ ನುಗ್ಗಬಹುದು ಎಂಬುದು ಜಗಲಿಯ ಮೇಲೆ ಕೂತವರಿಗೆಲ್ಲ ಬರೆಯದೆಯೇ ಗೊತ್ತು. ಯಂತ್ರಕ್ಕೆ ಮಾತ್ರ ಅದನ್ನು ಬರೆದೇ ಕೊಡಬೇಕಾಯಿತು. ಹಾಗೆ ಬರೆದ ಕಟ್ಟಳೆಗಳ ಕಥೆ ಇದು. ಎಪ್ಪತ್ತು ವರ್ಷಗಳಲ್ಲಿ ಆ ಕಟ್ಟಳೆ ಹಲವು ಸಲ ಬದಲಾಗಿದೆ. ಪ್ರತಿ ಸಲವೂ ಹಳೆಯದು ಎಲ್ಲೋ ಒಂದು ಕಡೆ ಯಾರನ್ನೋ ಅನ್ಯಾಯವಾಗಿ ಕಾಯಿಸಿದ್ದೇ ಕಾರಣ.

ಮೊದಲಿಗೆ, ಇಂಟರಪ್ಟ್ ಏಕೆ ಬೇಕಾಯಿತು? ಅಡುಗೆಮನೆಯಲ್ಲಿ ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಕುಕ್ಕರ್ ಇದೆ ಅಂದುಕೊಳ್ಳಿ. ಹಾಲಿಗೆ ಸೀಟಿ ಇಲ್ಲ. ಉಕ್ಕುವವರೆಗೂ ಅದರ ಮುಂದೆಯೇ ಕಣ್ಣು ನೆಟ್ಟು ನಿಲ್ಲಬೇಕು. ಕುಕ್ಕರಿಗೆ ಸೀಟಿ ಇದೆ. ಅದನ್ನು ಒಲೆಗೇರಿಸಿ ನೀವು ತರಕಾರಿ ಹೆಚ್ಚಬಹುದು, ಅದು ಕೂಗಿದಾಗ ಎದ್ದರೆ ಸಾಕು. ಹಳೆಯ ಕಂಪ್ಯೂಟರುಗಳಿಗೆ ಎಲ್ಲವೂ ಹಾಲೇ. ಒಂದು ಅಕ್ಷರ ಅಚ್ಚಾಗುವ ಹೊತ್ತಿನಲ್ಲಿ ಸಾವಿರಾರು ಕೂಡು-ಕಳೆ ಮಾಡಬಲ್ಲ ಯಂತ್ರ, ‘ಮುಗಿಯಿತಾ, ಮುಗಿಯಿತಾ’ ಎಂದು ಕೇಳುತ್ತ ನಿಂತಿರುತ್ತಿತ್ತು. ಇಂಟರಪ್ಟ್ ಅದಕ್ಕೆ ಸೀಟಿ ಕೊಟ್ಟಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1954ರಲ್ಲಿ ಟ್ರಕ್ಕಿನ ಟ್ರೈಲರುಗಳಲ್ಲಿ ಕೂರಿಸಿ ಕೊಟ್ಟ ಡಿಸಿಯಾಕ್ ಎಂಬ ಯಂತ್ರದಲ್ಲೇ ಹೊರಗಿನ ಉಪಕರಣಗಳು ಹೀಗೆ ಕರೆಯುವ ಏರ್ಪಾಟಿತ್ತು.

ಸೀಟಿ ಒಂದೇ ಆದರೆ ತೊಂದರೆಯಿಲ್ಲ. ಕುಕ್ಕರ್ ಕೂಗುವಾಗಲೇ ಬಾಗಿಲ ಗಂಟೆ ಬಾರಿಸಿ, ಅಷ್ಟರಲ್ಲಿ ಒಳಗೆ ತೊಟ್ಟಿಲ ಕೂಸೂ ಅತ್ತರೆ ಯಾವ ಕಡೆ ಓಡುವುದು? ಇಲ್ಲಿಂದ ಆದ್ಯತೆಯ ಪ್ರಶ್ನೆ ಶುರು. 1950ರ ದಶಕದ ಕೊನೆಗೆ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ವೆಸ್ಲಿ ಕ್ಲಾರ್ಕ್ ವಿನ್ಯಾಸ ಮಾಡಿದ ಟಿಎಕ್ಸ್-2 ಯಂತ್ರ ಒಂದೊಂದು ಉಪಕರಣಕ್ಕೂ ಅದರದೇ ಆದ ಸೂಚನಾ ಸರಣಿ ಕೊಟ್ಟು, ಆ ಸರಣಿಗಳನ್ನು ಮೇಲುಕೆಳಗಾಗಿ ಜೋಡಿಸಿತು. ಮೇಲಿನದು ಕರೆದರೆ ಕೆಳಗಿನದು ನಿಲ್ಲಬೇಕು. ಕೆಳಗಿನದು ಕರೆದರೆ ಮೇಲಿನದು ಕೇಳಿಸಿಕೊಳ್ಳಬೇಕಾಗಿಲ್ಲ. ಆದ್ಯತೆಯ ಏಣಿ ಹೀಗೆ ತಯಾರಾಯಿತು.

ಈ ಏಣಿ ಪ್ರಸಿದ್ಧವಾದದ್ದು 1970ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಹೊರತಂದ ಪಿಡಿಪಿ-11 ಯಂತ್ರದ ಮೂಲಕ. ಅದರ ಪ್ರೊಸೆಸರಿನ ಸ್ಥಿತಿ ಹೇಳುವ ಪದದಲ್ಲಿ ಮೂರು ಬಿಟ್‌ಗಳು ಈ ಕ್ಷಣದ ಆದ್ಯತೆಯ ಮಟ್ಟವನ್ನು ಹೇಳುತ್ತಿದ್ದವು: 0ಯಿಂದ 7ರವರೆಗೆ ಎಂಟು ಮೆಟ್ಟಿಲು. ಉಪಕರಣಗಳಿಗೆ 4ರಿಂದ 7ರವರೆಗಿನ ತಂತಿಗಳು. ನಿಯಮ ಸರಳ. ಕರೆಯುವವನ ಮೆಟ್ಟಿಲು ಪ್ರೊಸೆಸರ್ ಈಗ ನಿಂತಿರುವ ಮೆಟ್ಟಿಲಿಗಿಂತ ಮೇಲಿದ್ದರೆ ಮಾತ್ರ ಕರೆ ಕೇಳಿಸುತ್ತದೆ. ಇಲ್ಲದಿದ್ದರೆ ಪ್ರೊಸೆಸರ್ ಕೆಳಗಿಳಿಯುವವರೆಗೆ ಅದು ಕಾಯುತ್ತದೆ. ಕರೆ ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೆ.

ಯಾರಿಗೆ ಯಾವ ಮೆಟ್ಟಿಲು ಎಂಬುದನ್ನು ಗಮನಿಸಬೇಕು. ಗಡಿಯಾರ 6ರಲ್ಲಿ, ಡಿಸ್ಕ್ 5ರಲ್ಲಿ, ಮನುಷ್ಯ ಕೂತು ಟೈಪ್ ಮಾಡುವ ಟರ್ಮಿನಲ್ 4ರಲ್ಲಿ. ಆ ಮನುಷ್ಯ ಯಾವ ಲೆಕ್ಕಕ್ಕಾಗಿ ಯಂತ್ರದ ಮುಂದೆ ಕೂತಿದ್ದಾನೋ ಆ ಪ್ರೋಗ್ರಾಮ್ 0ಯಲ್ಲಿ, ನೆಲದ ಮೇಲೆ. ಮೊದಲ ನೋಟಕ್ಕೆ ಇದು ತಲೆಕೆಳಗಾದ ಲೋಕದಂತೆ ಕಾಣುತ್ತದೆ. ಆದರೆ ಈ ಏಣಿ ದೊಡ್ಡವರು ಚಿಕ್ಕವರ ಏಣಿಯಲ್ಲ. ಕಾಯಲಾರದವರನ್ನು ಮೇಲೆ, ಕಾಯಬಲ್ಲವರನ್ನು ಕೆಳಗೆ ಇಟ್ಟ ಏಣಿ. ಗಡಿಯಾರ ಸೆಕೆಂಡಿಗೆ 60 ಸಲ ಬಡಿಯುತ್ತದೆ. ಒಂದು ಬಡಿತವನ್ನು ಎಣಿಸುವ ಮೊದಲೇ ಇನ್ನೊಂದು ಬಂದರೆ ಯಂತ್ರದ ಹೊತ್ತು ಹಿಂದೆ ಬೀಳುತ್ತದೆ. ಡಿಸ್ಕ್ ಸುತ್ತುತ್ತಲೇ ಇರುತ್ತದೆ. ಮುಂದಿನ ಆಜ್ಞೆ ತಡವಾದರೆ ಬೇಕಾದ ಜಾಗ ದಾಟಿ ಹೋಗಿ ಇನ್ನೊಂದು ಸುತ್ತು ಕಾಯಬೇಕು. ಅಂದಿನ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರಕ್ಕಿಂತ ವೇಗವಾಗಿ ಹೋಗುತ್ತಿರಲಿಲ್ಲ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಯಂತ್ರದ ಲೆಕ್ಕದಲ್ಲಿ ಒಂದು ಯುಗವೇ ಇತ್ತು. ಇನ್ನು ಲೆಕ್ಕದ ಪ್ರೋಗ್ರಾಮ್ ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲದು. ಅವಸರ ಬೇರೆ, ಮಹತ್ವ ಬೇರೆ. ಈ ಎರಡರ ನಡುವಿನ ಅಂತರವೇ ಮುಂದಿನ ಎಲ್ಲ ಜಗಳಗಳ ಮೂಲ.

ಇದೇ ಪಿಡಿಪಿ-11ರ ಮೇಲೆ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸನ್ನು ಬೆಳೆಸಿದರು. 1973ರಲ್ಲಿ ಅದರ ಕರ್ನಲ್ಲನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಆದರೆ ಆದ್ಯತೆಯ ಮಟ್ಟ ಏರಿಸಿ ಇಳಿಸುವ ಕೆಲಸ ಸಿ ಭಾಷೆಗೆ ಎಟುಕುವಂಥದ್ದಲ್ಲ. ಅದಕ್ಕೆಂದು ಅಸೆಂಬ್ಲಿಯಲ್ಲಿ ಕೆಲವೇ ಸಾಲುಗಳ ಪುಟ್ಟ ಆಜ್ಞೆಗಳನ್ನು ಇಟ್ಟುಕೊಂಡರು: ಎಸ್‌ಪಿಎಲ್-0, ಎಸ್‌ಪಿಎಲ್-5, ಎಸ್‌ಪಿಎಲ್-6 ಹೀಗೆ. ಆದ್ಯತೆಯ ಮಟ್ಟವನ್ನು ಇಷ್ಟಕ್ಕೆ ಇಡು ಎಂದಷ್ಟೇ ಅವುಗಳ ಅರ್ಥ. ಕರ್ನಲ್ ತಾನು ಕೈಹಾಕಿದ ಪಟ್ಟಿಯೊಂದನ್ನು ಇಂಟರಪ್ಟಿನ ಕಡೆಯ ಕೋಡ್ ಕೂಡ ಅದೇ ಹೊತ್ತಿಗೆ ಮುಟ್ಟದಿರಲಿ ಎಂದು ಮೆಟ್ಟಿಲೇರಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಇಳಿಯುತ್ತದೆ.

ಈ ಕರ್ನಲ್ಲನ್ನು ಜಗತ್ತು ಓದಿದ್ದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ಅವರ ಕಣ್ಣಿನಿಂದ. 1976-77ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ಯುನಿಕ್ಸಿನ ಆರನೇ ಆವೃತ್ತಿಯ ಮೂಲ ಕೋಡನ್ನು ಅಚ್ಚುಹಾಕಿಸಿ, ಸಾಲುಸಾಲಿಗೆ ವ್ಯಾಖ್ಯಾನ ಬರೆದರು. 1979ರ ಏಳನೇ ಆವೃತ್ತಿಯ ಪರವಾನಗಿ ಮೂಲ ಕೋಡನ್ನು ತರಗತಿಯಲ್ಲಿ ಪಾಠ ಮಾಡದಂತೆ ತಡೆಯಿತು. ಪುಸ್ತಕ ಜೆರಾಕ್ಸ್ ಪ್ರತಿಗಳಾಗಿ ಕೈಯಿಂದ ಕೈಗೆ ಹರಿದಾಡಿತು. ರಾಜಾರೋಷವಾಗಿ ಮರುಮುದ್ರಣ ಕಂಡದ್ದು 1996ರಲ್ಲಿ. ಮೂಲ ಮತ್ತು ಟೀಕೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಅಭ್ಯಾಸ ನಮ್ಮಲ್ಲಿ ಹಳಗನ್ನಡ ಕಾವ್ಯ ಓದಿದವರಿಗೆ ಹೊಸದಲ್ಲ. ನಾನು ಈ ಕೋಡನ್ನು ಓದಿದ್ದೂ ಹಾಗೆಯೇ, ಪೆನ್ಸಿಲ್ ಹಿಡಿದು. ಎಸ್‌ಪಿಎಲ್ ಬಂದಲ್ಲೆಲ್ಲ ಗೆರೆ ಎಳೆದು, ‘ಇದು ಇಲ್ಲದಿದ್ದರೆ ಏನಾಗುತ್ತಿತ್ತು’ ಎಂದು ಅಂಚಿನಲ್ಲಿ ಬರೆದುಕೊಳ್ಳುವುದು ನನ್ನ ಕ್ರಮ.

ಅಂಥ ಒಂದು ಜಾಗವನ್ನು ತೋರಿಸುತ್ತೇನೆ. ಡಿಸ್ಕಿನಿಂದ ಮಾಹಿತಿ ಬರಲಿ ಎಂದು ಕಾಯುವ ಭಾಗ. ಅಲ್ಲಿ ಕರ್ನಲ್ ಮಾಡುವುದು ಎರಡೇ ಕೆಲಸ. ಮಾಹಿತಿ ಬಂದಿದೆಯೇ ಎಂದು ಒಂದು ಗುರುತನ್ನು ನೋಡುತ್ತದೆ, ಬಂದಿಲ್ಲವಾದರೆ ಆ ಪ್ರೊಸೆಸ್ಸನ್ನು ಮಲಗಿಸುತ್ತದೆ. ಮಾಹಿತಿ ಬಂದಾಗ ಡಿಸ್ಕಿನ ಇಂಟರಪ್ಟ್ ಗುರುತು ಹಾಕಿ, ಮಲಗಿದವರನ್ನು ಎಬ್ಬಿಸುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಒಂದು ಕೂದಲೆಳೆಯ ಸಂದಿ ಇದೆ. ಆ ಸಂದಿಯಲ್ಲೇ ಡಿಸ್ಕ್ ಕರೆದರೆ? ಇಂಟರಪ್ಟ್ ಬಂತು, ಗುರುತು ಹಾಕಿತು, ಎಬ್ಬಿಸಲು ನೋಡಿತು, ಮಲಗಿದವರು ಯಾರೂ ಕಾಣಲಿಲ್ಲ, ಹೊರಟುಹೋಯಿತು. ಮರುಕ್ಷಣ ಪ್ರೊಸೆಸ್ ಮಲಗಿತು. ಎಬ್ಬಿಸಬೇಕಾದವನು ಬಂದು ಹೋಗಿಯಾಗಿದೆ. ಇನ್ನು ಅದು ಏಳುವ ಭರವಸೆಯಿಲ್ಲ. ಬಸ್ ಬಂತೇ ಎಂದು ರಸ್ತೆ ನೋಡಿ, ಇಲ್ಲವೆಂದು ನಿಲ್ದಾಣದ ಬೆಂಚಿನತ್ತ ತಿರುಗಿದ ಅರೆಗಳಿಗೆಯಲ್ಲಿ ಕೊನೆಯ ಬಸ್ ಬಂದು ಹೊರಟುಹೋದ ಹಾಗೆ.

ಡೈಕ್‌ಸ್ಟ್ರಾ ಹೆದರಿದ್ದು ಇಂಥದ್ದಕ್ಕೇ. ಈ ತಪ್ಪು ವರ್ಷಕ್ಕೊಮ್ಮೆ ಆಗಬಹುದು, ಆದಾಗ ಯಾರಿಗೂ ಕಾರಣ ಗೊತ್ತಾಗುವುದಿಲ್ಲ. ಯುನಿಕ್ಸಿನ ಪರಿಹಾರ ಒಂದು ಸಾಲಿನದು. ಗುರುತು ನೋಡುವ ಮೊದಲು ಎಸ್‌ಪಿಎಲ್-6ಕ್ಕೆ ಏರು, ಮಲಗಿ ಎದ್ದಾದ ಮೇಲೆ ಎಸ್‌ಪಿಎಲ್-0ಗೆ ಇಳಿ. 6ರಲ್ಲಿ ನಿಂತಾಗ 5ರಲ್ಲಿರುವ ಡಿಸ್ಕಿನ ಕರೆ ಕಾಯುತ್ತದೆ. ಪ್ರೊಸೆಸ್ ಮಲಗಿ, ಪ್ರೊಸೆಸರ್ ಬೇರೆಯವರ ಕೆಲಸಕ್ಕೆ ಇಳಿದಾಗಲೇ ಆ ಕರೆ ಕೇಳಿಸುವುದು. ಆಗ ಎಬ್ಬಿಸಲು ಮಲಗಿದವನು ಇದ್ದೇ ಇರುತ್ತಾನೆ.

ಡೈಕ್‌ಸ್ಟ್ರಾ ಅಷ್ಟರಲ್ಲಿ ಇನ್ನೊಂದು ದಾರಿ ಕಂಡುಕೊಂಡಿದ್ದರು. ಐಂಡ್‌ಹೋವನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಕಟ್ಟಿದ ವ್ಯವಸ್ಥೆಯ ವಿವರ 1968ರಲ್ಲಿ ಪ್ರಕಟವಾಯಿತು. ಅದರ ಅತ್ಯಂತ ಕೆಳಗಿನ ಪದರವೊಂದೇ ಗಡಿಯಾರದ ಇಂಟರಪ್ಟನ್ನು ನೋಡುತ್ತಿತ್ತು. ಮೇಲಿನ ಪದರಗಳು ಸೆಮಫೋರ್ ಎಂಬ ಎಣಿಕೆಯ ಮೂಲಕ ಮಾತ್ರ ಒಂದಕ್ಕೊಂದು ಕಾಯುತ್ತಿದ್ದವು. ಸೆಮಫೋರಿಗೆ ನೆನಪಿದೆ. ಯಾರೂ ಕಾಯದಿರುವಾಗ ಕರೆ ಬಂದರೆ ಅದನ್ನು ಒಂದು ಎಂದು ಎಣಿಸಿಟ್ಟುಕೊಳ್ಳುತ್ತದೆ. ತಡವಾಗಿ ಬಂದವನು ಮಲಗದೆಯೇ ಮುಂದೆ ಹೋಗಬಹುದು. ಯುನಿಕ್ಸಿನ ಎಬ್ಬಿಸುವ ಕರೆಗೆ ಆ ನೆನಪಿಲ್ಲ, ಕೂಗಿ ಹೋಗುತ್ತದೆ ಅಷ್ಟೆ. ನೆನಪಿಲ್ಲದ ಕಡೆ ಬಾಗಿಲಿಗೆ ಅಗುಳಿ ಬೇಕು. ಆ ಅಗುಳಿಯೇ ಎಸ್‌ಪಿಎಲ್. ಒಬ್ಬರು ಇಂಟರಪ್ಟನ್ನು ಕಣ್ಣಿಗೆ ಬೀಳದ ಹಾಗೆ ಹೂತುಬಿಡಲು ಹೊರಟರು. ಇನ್ನೊಬ್ಬರು ಅದನ್ನು ಒಪ್ಪಿಕೊಂಡು, ಎಲ್ಲೆಲ್ಲಿ ತೊಡಕೋ ಅಲ್ಲಲ್ಲಿ ಕೈಯಡ್ಡ ಹಿಡಿದರು. ಎರಡನೆಯದು ಬರೆಯಲು ಸುಲಭವಾಗಿತ್ತು, ಯಂತ್ರಕ್ಕೂ ಹಗುರವಾಗಿತ್ತು. ಆದರೆ ಎಲ್ಲಿ ಅಡ್ಡ ಹಿಡಿಯಬೇಕು ಎಂಬುದು ಬರೆದವನ ಎಚ್ಚರಕ್ಕೆ ಬಿಟ್ಟದ್ದಾಯಿತು.

ಆ ಎಚ್ಚರ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇಳಿಯುವ ರೀತಿಯೇ ಸಾಕ್ಷಿ. ಒಬ್ಬನು ಐದನೇ ಮೆಟ್ಟಿಲಲ್ಲಿ ನಿಂತು ಇನ್ನೊಬ್ಬನಿಗೆ ಕೆಲಸ ಹೇಳುತ್ತಾನೆ. ಅವನು ಆರಕ್ಕೆ ಏರಿ, ಕೆಲಸ ಮುಗಿಸಿ, ಎಸ್‌ಪಿಎಲ್-0 ಎಂದು ನೇರ ನೆಲಕ್ಕೆ ಇಳಿದುಬಿಟ್ಟರೆ ಮೊದಲಿನವನ ರಕ್ಷಣೆ ಅವನಿಗೇ ತಿಳಿಯದಂತೆ ಕಳಚಿಬೀಳುತ್ತದೆ. ಆರನೇ ಆವೃತ್ತಿಯ ಕೆಲವು ಕಡೆ ಹಳೆಯ ಸ್ಥಿತಿಯನ್ನು ಕೈಯಾರೆ ಎತ್ತಿಟ್ಟುಕೊಂಡು ಮರಳಿಸಿದ್ದಾರೆ. ಏಳನೇ ಆವೃತ್ತಿಯಲ್ಲಿ ಅದು ಪದ್ಧತಿಯೇ ಆಯಿತು. ಏರುವಾಗ ಹಳೆಯ ಮಟ್ಟ ಎಷ್ಟಿತ್ತು ಎಂದು ಬರೆದಿಟ್ಟುಕೋ, ಎಸ್‌ಪಿಎಲ್-ಎಕ್ಸ್ ಎಂಬ ಆಜ್ಞೆಯಿಂದ ಅಲ್ಲಿಗೇ ಮರಳು. ಹೊರಟ ಮೆಟ್ಟಿಲಿಗೇ ವಾಪಸು ಬರುವುದು ಎಂಬ ಈ ಸಣ್ಣ ಶಿಸ್ತು ಇಂದಿನ ಕರ್ನಲ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಉಳಿದಿದೆ.

1977ರಲ್ಲಿ ಡಿಜಿಟಲ್ ಕಂಪನಿಯದೇ ವ್ಯಾಕ್ಸ್ ಯಂತ್ರ ಬಂದಾಗ ಎಂಟು ಮೆಟ್ಟಿಲು 32 ಆದವು. ಕೆಳಗಿನವು ಸಾಫ್ಟ್‌ವೇರ್ ತನಗೆ ತಾನೇ ಕೊಟ್ಟುಕೊಳ್ಳುವ ಕರೆಗಳಿಗೆ, 16ರಿಂದ ಮೇಲಿನವು ಹಾರ್ಡ್‌ವೇರಿಗೆ. ವಿದ್ಯುತ್ ಹೋಗುತ್ತಿದೆ ಎಂಬ ಎಚ್ಚರಿಕೆಗೆ 30ನೇ ಮೆಟ್ಟಿಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಯುನಿಕ್ಸನ್ನು ಬೆಳೆಸುತ್ತಿದ್ದವರು ಅಂಕಿಗಳಿಗೆ ಹೆಸರಿಟ್ಟರು. ಡಿಸ್ಕಿನಂಥ ಸಾಧನಗಳಿಗೆ ಎಸ್‌ಪಿಎಲ್-ಬಯೋ, ಟರ್ಮಿನಲ್ಲಿಗೆ ಎಸ್‌ಪಿಎಲ್-ಟಿಟಿವೈ, ನೆಟ್‌ವರ್ಕಿನ ನಿಯಮಾವಳಿಗಳಿಗೆ ಎಸ್‌ಪಿಎಲ್-ನೆಟ್, ನೆಟ್‌ವರ್ಕಿನ ಯಂತ್ರಭಾಗಕ್ಕೆ ಎಸ್‌ಪಿಎಲ್-ಇಂಪ್. ಇಂಪ್ ಎಂದರೆ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದ, ಮೊದಲನೆಯದು 1969ರಲ್ಲಿ ಸ್ಥಾಪನೆಯಾದ ಪೆಟ್ಟಿಗೆ. ಆರ್ಪಾನೆಟ್ 1990ರಲ್ಲಿ ಮುಚ್ಚಿತು. ಹೆಸರು ಮಾತ್ರ ಆಮೇಲೂ ವರ್ಷಗಟ್ಟಲೆ, ಇಂಪನ್ನು ಕಣ್ಣಲ್ಲೂ ಕಾಣದವರು ಬರೆದ ಕೋಡಿನಲ್ಲಿ ಮುಂದುವರಿಯಿತು. ಕೆರೆ ಬತ್ತಿ ಬಡಾವಣೆಯಾದ ಮೇಲೂ ಊರ ಹೆಸರಿನಲ್ಲಿ ಕೆರೆ ಉಳಿಯುತ್ತದಲ್ಲ, ಹಾಗೆ.

ಈ ಏಣಿಯ ಇನ್ನೊಂದು ಕವಲನ್ನು ನೀವೆಲ್ಲ ನೋಡಿದ್ದೀರಿ, ಸೈಬರ್ ಕೆಫೆಯಲ್ಲೋ ಕಾಲೇಜಿನ ಲ್ಯಾಬಿನಲ್ಲೋ. ವಿಂಡೋಸ್ ನಿಂತುಹೋದಾಗ ನೀಲಿ ಪರದೆಯ ಮೇಲೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂಬ ದೊಡ್ಡಕ್ಷರದ ಸಾಲು ಕಂಡಿರಬಹುದು. ಡಿಜಿಟಲ್ ಕಂಪನಿಯಲ್ಲಿ ವ್ಯಾಕ್ಸಿನ ಆಪರೇಟಿಂಗ್ ಸಿಸ್ಟಮ್ ರೂಪಿಸಿದವರಲ್ಲಿ ಪ್ರಮುಖರಾದ ಡೇವಿಡ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದು ವಿಂಡೋಸ್ ಎನ್‌ಟಿ ಕಟ್ಟಿದರು. ಅದು 1993ರಲ್ಲಿ ಹೊರಬಂತು. 0ಯಿಂದ 31ರವರೆಗಿನ ಮೆಟ್ಟಿಲುಗಳೂ ಅವರ ಜೊತೆ ಬಂದವು. ಐಆರ್‌ಕ್ಯೂಎಲ್ ಎಂಬುದು ಆ ಮೆಟ್ಟಿಲಿನ ಹೆಸರು. ಆ ನೀಲಿ ಪರದೆ ಸಾಮಾನ್ಯವಾಗಿ ಹೇಳುವುದು ಇಷ್ಟು: ಯಾವುದೋ ಡ್ರೈವರ್ ಮೇಲಿನ ಮೆಟ್ಟಿಲಲ್ಲಿ ನಿಂತು, ಆ ಕ್ಷಣ ಮೆಮೊರಿಯಲ್ಲಿರದ ವಿಳಾಸವೊಂದಕ್ಕೆ ಕೈಚಾಚಿತು. ಇಲ್ಲದ್ದನ್ನು ಡಿಸ್ಕಿನಿಂದ ತರಿಸಬೇಕಾದರೆ ಕಾಯಬೇಕು. ಅಷ್ಟು ಮೇಲೆ ನಿಂತವರು ಕಾಯುವಂತಿಲ್ಲ. ಬೇರೆಯವರನ್ನು ಕಾಯಿಸುವ ಹಕ್ಕಿನ ಜೊತೆಗೆ ತಾನು ಕಾಯಬಾರದೆಂಬ ಕಟ್ಟಳೆಯೂ ಇದೆ. ಅದನ್ನು ಮುರಿದರೆ ಇಡೀ ಯಂತ್ರ ನಿಲ್ಲುತ್ತದೆ.

ವಿಚಿತ್ರವೆಂದರೆ ಎನ್‌ಟಿ ಹೆಚ್ಚಾಗಿ ಓಡಿದ ಪಿಸಿಗಳ ಪ್ರೊಸೆಸರಿನಲ್ಲಿ ಏಣಿಯೇ ಇರಲಿಲ್ಲ. 1978ರ ಇಂಟೆಲ್ 8086ಕ್ಕೆ ಇದ್ದದ್ದು ಒಂದೇ ಬಿಟ್: ಕೇಳು ಅಥವಾ ಕೇಳಬೇಡ. ಆದ್ಯತೆಯನ್ನು ನೋಡಿಕೊಳ್ಳುತ್ತಿದ್ದುದು ಪಕ್ಕದ 8259 ಎಂಬ ಬೇರೆ ಚಿಪ್. 1981ರ ಐಬಿಎಂ ಪಿಸಿಯಲ್ಲಿ ಅದರ ಮೊದಲ ಸ್ಥಾನ ಗಡಿಯಾರಕ್ಕೆ, ಎರಡನೆಯದು ಕೀಬೋರ್ಡಿಗೆ, ಫ್ಲಾಪಿ ಡಿಸ್ಕ್ ಎಷ್ಟೋ ಕೆಳಗೆ. ಪಿಡಿಪಿ-11ರಲ್ಲಿ ಉಪಕರಣಗಳ ಕೊನೆಯ ಸಾಲಿನಲ್ಲಿದ್ದ ಮನುಷ್ಯನ ಬೆರಳು ಇಲ್ಲಿ ಡಿಸ್ಕನ್ನು ದಾಟಿ ಮೇಲೆ ಬಂದಿತ್ತು. ಬರ್ಕ್ಲಿಯ ಯುನಿಕ್ಸನ್ನು ಈ ಯಂತ್ರಕ್ಕೆ ತಂದವರು ಹಳೆಯ ಏಣಿಯನ್ನು ಸಾಫ್ಟ್‌ವೇರಿನಲ್ಲಿ ನಟಿಸಬೇಕಾಯಿತು. ಪ್ರತಿ ಸಲ ಮಟ್ಟ ಬದಲಿಸಲು ಪಕ್ಕದ ಚಿಪ್‌ಗೆ ಹೇಳಿಕಳಿಸುವುದು ನಿಧಾನದ ಕೆಲಸ. 1993ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಟೊಡೊಲ್‌ಸ್ಕಿ, ಚೆನ್, ಬರ್ಷಾಡ್ ಎಂಬ ಮೂವರು ಇದಕ್ಕೊಂದು ಆಶಾವಾದಿ ಉಪಾಯ ಬರೆದರು. ಕಾಪಾಡಬೇಕಾದ ಭಾಗ ಬಹಳ ಚಿಕ್ಕದು, ಅಷ್ಟರೊಳಗೆ ಇಂಟರಪ್ಟ್ ಬರುವುದೇ ಅಪರೂಪ. ಹಾಗಾದರೆ ಚಿಪ್ಪನ್ನು ಮುಟ್ಟುವುದೇಕೆ? ಈಗ ಇಷ್ಟು ಮಟ್ಟದಲ್ಲಿದ್ದೇನೆ ಎಂದು ಮೆಮೊರಿಯಲ್ಲಿ ಬರೆದಿಟ್ಟರೆ ಸಾಕು. ಅಕಸ್ಮಾತ್ ಕರೆ ಬಂದೇಬಿಟ್ಟರೆ ಆಗ ಅದನ್ನು ಎತ್ತಿಟ್ಟು, ಕೆಳಗಿಳಿದ ಮೇಲೆ ನೋಡಿಕೊಂಡರಾಯಿತು.

ಅಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಏಣಿಯನ್ನು ಸರಿಯಾಗಿ, ಬೇಗ ಹತ್ತಿ ಇಳಿಯುವುದು ಹೇಗೆ? ಏಣಿಯೇ ಸರಿಯೇ ಎಂಬ ಪ್ರಶ್ನೆ ಎದ್ದದ್ದು ನೆಟ್‌ವರ್ಕ್ ವೇಗವಾದ ಮೇಲೆ. 1996ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಒಂದು ಪ್ರಬಂಧ ಮಂಡಿಸಿದರು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅವರು ವಿವರಿಸಿದ ಕಾಯಿಲೆ ಹೀಗಿದೆ. ಪ್ಯಾಕೆಟ್ ಬಂದ ಕೂಡಲೇ ನೆಟ್‌ವರ್ಕ್ ಕಾರ್ಡ್ ಮೇಲಿನ ಮೆಟ್ಟಿಲಿನಿಂದ ಕರೆಯುತ್ತದೆ. ಪ್ರೊಸೆಸರ್ ಓಡಿಬಂದು ಅದನ್ನು ಎತ್ತಿಕೊಂಡು ಒಂದು ಸಾಲಿನಲ್ಲಿ ಇಡುತ್ತದೆ. ಆ ಸಾಲನ್ನು ಬಿಡಿಸಿ, ಪ್ಯಾಕೆಟ್ ಯಾರಿಗೆ ಸೇರಬೇಕೋ ಅವರಿಗೆ ತಲುಪಿಸುವ ಕೆಲಸ ಕೆಳಗಿನ ಮೆಟ್ಟಿಲಿನದು. ಪ್ಯಾಕೆಟ್‌ಗಳು ಸಾಕಷ್ಟು ವೇಗವಾಗಿ ಬಂದರೆ ಪ್ರೊಸೆಸರ್ ಕೆಳಗಿಳಿಯುವುದೇ ಇಲ್ಲ. ಸಾಲು ತುಂಬಿಹೋಗುತ್ತದೆ. ಎತ್ತಿಕೊಂಡ ಪ್ಯಾಕೆಟ್ಟನ್ನು ಇಡಲು ಜಾಗವಿಲ್ಲದೆ ಬಿಸಾಡುತ್ತದೆ, ಮತ್ತೊಂದನ್ನು ಎತ್ತಿಕೊಳ್ಳುತ್ತದೆ, ಅದನ್ನೂ ಬಿಸಾಡುತ್ತದೆ. ಯಂತ್ರ ಒಂದು ಕ್ಷಣವೂ ಸುಮ್ಮನಿಲ್ಲ. ಆದರೆ ಒಂದೇ ಒಂದು ಪ್ಯಾಕೆಟ್ಟೂ ಗುರಿ ಮುಟ್ಟುವುದಿಲ್ಲ. ಇದಕ್ಕೆ ಲೈವ್‌ಲಾಕ್ ಎಂದು ಹೆಸರು. ಬಾಗಿಲಲ್ಲಿ ಅರ್ಜಿ ಇಸಿದುಕೊಳ್ಳುವುದೇ ಕೆಲಸವಾಗಿ ಒಳಗೆ ಒಂದು ಕಡತವೂ ಕದಲದ ಕಚೇರಿಯನ್ನು ನೆನೆಸಿಕೊಳ್ಳಿ.

ಇಲ್ಲಿ ಯಾರೂ ನಿಯಮ ಮುರಿದಿಲ್ಲ. ಡಿಸ್ಕ್ ಕಾಯುವ ಸಂದಿಯ ತಪ್ಪಿನಂತೆ ಯಾವುದೋ ಸಾಲು ಮರೆತದ್ದರಿಂದಲೂ ಆದದ್ದಲ್ಲ. ಏಣಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಯಂತ್ರ ತನ್ನ ಉದ್ದೇಶವನ್ನು ಮರೆಯಿತು. ಅವಸರದವರು ಮೇಲೆ, ಮಹತ್ವದ್ದು ಕೆಳಗೆ ಎಂಬ 1970ರ ಒಪ್ಪಂದ ನಡೆದದ್ದು ಅವಸರದವರು ಅಪರೂಪಕ್ಕೆ ಕರೆಯುತ್ತಿದ್ದರು ಎಂಬ ಕಾರಣದಿಂದ. ಅವರೇ ಬಿಡುವಿಲ್ಲದೆ ಕರೆಯತೊಡಗಿದಾಗ ಕೆಳಗಿನವರ ಪಾಲಿಗೆ ಏನೂ ಉಳಿಯಲಿಲ್ಲ. ಮೊಗಲ್ ಮತ್ತು ರಾಮಕೃಷ್ಣನ್ ಸೂಚಿಸಿದ ಮದ್ದು ಹಳೆಯದೇ: ಹಾಲಿನ ಮುಂದೆ ನಿಲ್ಲುವುದು. ಮೊದಲ ಪ್ಯಾಕೆಟ್ ಕರೆಯಲಿ. ಕರೆದ ಕೂಡಲೇ ಆ ಕಾರ್ಡಿನ ಇಂಟರಪ್ಟ್ ಮುಚ್ಚಿ, ಪ್ರೊಸೆಸರೇ ಬಿಡುವಾದಾಗ ಹೋಗಿ, ಒಂದು ಸಲಕ್ಕೆ ಇಷ್ಟೇ ಎಂದು ಮಿತಿ ಇಟ್ಟುಕೊಂಡು ಪ್ಯಾಕೆಟ್ ತರಲಿ. ಎಲ್ಲ ಮುಗಿದರೆ ಮತ್ತೆ ಬಾಗಿಲು ತೆರೆಯಲಿ. ಎತ್ತಲಾಗದ್ದು ಬಾಗಿಲ ಹೊರಗೇ ಬೀಳಲಿ, ಎತ್ತಿಕೊಂಡದ್ದು ಗುರಿ ಮುಟ್ಟಲಿ. ಲಿನಕ್ಸಿನ ನೆಟ್‌ವರ್ಕ್ ಭಾಗ ಇಂದಿಗೂ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ.

ಏಣಿಗೆ ಎರಡನೇ ಪೆಟ್ಟು ಕೊಟ್ಟದ್ದು ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳ ಯಂತ್ರಗಳು. ಎಸ್‌ಪಿಎಲ್ ಅಗುಳಿ ಹಾಕುವುದು ತಾನಿರುವ ಕೋಣೆಗೆ ಮಾತ್ರ. ಪಕ್ಕದ ಪ್ರೊಸೆಸರ್ ಇನ್ನೊಂದು ಬಾಗಿಲಿನಿಂದ ಬಂದು ಅದೇ ಪಟ್ಟಿಗೆ ಕೈಹಾಕಿದರೆ ಯಾವ ಮೆಟ್ಟಿಲೂ ತಡೆಯಲಾರದು. ಹಾಗಾಗಿ ಪಟ್ಟಿಗೇ ಬೀಗ ಹಾಕುವ ಲಾಕ್‌ಗಳು ಬಂದವು. ಫ್ರೀಬಿಎಸ್‌ಡಿ 2003ರ ಜನವರಿಯಲ್ಲಿ ಹೊರಬಿಟ್ಟ 5.0 ಆವೃತ್ತಿಯಲ್ಲಿ ಎಸ್‌ಪಿಎಲ್ ಆಜ್ಞೆಗಳು ಕೋಡಿನಲ್ಲಿ ಇದ್ದವು, ಆದರೆ ಒಳಗೆ ಖಾಲಿ. ಕರೆದರೆ ಏನೂ ಆಗುತ್ತಿರಲಿಲ್ಲ. ಇಲ್ಲೊಂದು ಕಾಪಾಡಬೇಕಾದ ಜಾಗವಿದೆ ಎಂದು ಮುಂದೆ ಲಾಕ್ ಹಾಕುವವರಿಗೆ ತೋರಿಸುವ ಗಡಿಕಲ್ಲುಗಳಾಗಿ ಅವು ನಿಂತಿದ್ದವು. ನನ್ನಂಥ ಇತಿಹಾಸದ ವಿದ್ಯಾರ್ಥಿಗೆ ಅವು ಮಾತು ನಿಂತ ಮೇಲೂ ಓದಬಲ್ಲ ಶಾಸನಗಳು. ಏಣಿ ಪೂರ್ತಿ ಹೋಗಲೂ ಇಲ್ಲ. ಲಾಕ್ ಹಿಡಿದವನ ನಡುವೆಯೇ ಇಂಟರಪ್ಟ್ ಬಂದು ಅದೇ ಲಾಕ್ ಕೇಳಿದರೆ ಇಬ್ಬರೂ ಎಂದೆಂದಿಗೂ ಕಾಯುತ್ತಾರೆ. ಆದ್ದರಿಂದ ನೆಟ್‌ಬಿಎಸ್‌ಡಿಯಲ್ಲಿ ಲಾಕ್ ಸೃಷ್ಟಿಸುವಾಗಲೇ ಅದು ಯಾವ ಮೆಟ್ಟಿಲಿನದು ಎಂದು ಹೇಳಬೇಕು. ಹಳೆಯ ಅಗುಳಿ ಹೊಸ ಬೀಗದೊಳಗೆ ಸೇರಿಕೊಂಡಿದೆ.

ಮೂರನೆಯ ಬದಲಾವಣೆ ನನಗೆ ಎಲ್ಲಕ್ಕಿಂತ ಆಳವಾದದ್ದಾಗಿ ಕಾಣುತ್ತದೆ. ಸೋಲಾರಿಸ್ 2 ರೂಪಿಸಿದವರು 1990ರ ದಶಕದ ಮೊದಲಲ್ಲೇ ಇಂಟರಪ್ಟನ್ನು ಒಂದು ಥ್ರೆಡ್ ಆಗಿ ನೋಡಿದರು. ಅಂದರೆ ಅದಕ್ಕೂ ಎಲ್ಲರಂತೆ ಲಾಕ್‌ಗಾಗಿ ಕಾಯುವ, ಮಲಗುವ, ಏಳುವ ಗುಣ ಬಂತು. ಲಿನಕ್ಸಿನಲ್ಲಿ ಈ ದಾರಿ ಹಿಡಿದವರು ರಿಯಲ್‌ಟೈಮ್ ಕೆಲಸದ ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮತ್ತು ಅವರ ಸಂಗಡಿಗರು. ಸುಮಾರು 20 ವರ್ಷ ಮುಖ್ಯ ಕರ್ನಲ್ಲಿನ ಹೊರಗೆ ಬೆಳೆದ ಆ ಕೆಲಸ 2024ರ 6.12 ಆವೃತ್ತಿಯಲ್ಲಿ ಒಳಗೆ ಸೇರಿತು. ಅಂಥ ಕರ್ನಲ್ಲಿನಲ್ಲಿ ಇಂಟರಪ್ಟ್ ಬಂದಾಗ ಹೆಚ್ಚಿನ ಪಾಲು ನಡೆಯುವುದು ಇಷ್ಟೇ: ಕರೆ ಬಂತೆಂದು ಗುರುತು ಹಾಕಿಕೊಂಡು, ಸಂಬಂಧಪಟ್ಟ ಥ್ರೆಡ್ಡನ್ನು ಎಬ್ಬಿಸುವುದು. ಆ ಥ್ರೆಡ್ ಸಾಲಿನಲ್ಲಿ ನಿಲ್ಲುತ್ತದೆ. ಕಾರ್ಖಾನೆಯ ರೋಬೋ ತೋಳನ್ನು ನಡೆಸುವ ಪ್ರೋಗ್ರಾಮಿಗೆ ಅದಕ್ಕಿಂತ ಮೇಲಿನ ಆದ್ಯತೆ ಕೊಟ್ಟಿದ್ದರೆ ನೆಟ್‌ವರ್ಕ್ ಕಾರ್ಡ್ ಎಷ್ಟೇ ಕೂಗಿದರೂ ಕಾಯಬೇಕು. 1970ರಲ್ಲಿ 0ಯ ಮೆಟ್ಟಿಲಲ್ಲಿ ನೆಲದ ಮೇಲಿದ್ದ ಪ್ರೋಗ್ರಾಮ್ ಈಗ ಬೇಕೆಂದರೆ ಡಿಸ್ಕಿನ ತಲೆಯ ಮೇಲೆ ಕೂರಬಹುದು.

ಇದರಿಂದ ಪ್ರಶ್ನೆ ಮುಗಿಯಲಿಲ್ಲ, ಕೈ ಬದಲಾಯಿತು. ಪಿಡಿಪಿ-11ರಲ್ಲಿ ಯಾರು ಯಾರನ್ನು ತಡೆಯಬಹುದು ಎಂಬುದನ್ನು ಬಹುಮಟ್ಟಿಗೆ ತಂತಿ ಜೋಡಿಸಿದವರು ತೀರ್ಮಾನಿಸಿದ್ದರು. ಯುನಿಕ್ಸಿನಲ್ಲಿ ಕರ್ನಲ್ ಬರೆದವರು ಸಾಲುಸಾಲಿಗೆ ತೀರ್ಮಾನಿಸಿದರು. ಈಗ ಯಂತ್ರವನ್ನು ನಡೆಸುವವರು ಒಂದು ಆಜ್ಞೆಯಿಂದ ತೀರ್ಮಾನಿಸಬಹುದು. ತಪ್ಪು ಥ್ರೆಡ್ಡನ್ನು ಮೇಲೆ ಕೂರಿಸಿದರೆ ಅದೇ ಉಳಿದ ಎಲ್ಲರ ಬಾಯಿ ಮುಚ್ಚಿಸಬಲ್ಲದು. ಯಾವುದು ಅವಸರ, ಯಾವುದು ಮಹತ್ವ ಎಂದು ಬೇರೆ ಮಾಡಿ ಹೇಳುವ ಹೊಣೆ ಈಗ ಚಿಪ್ಪಿನದಲ್ಲ. ಆಸ್ಪತ್ರೆಯ ಉಪಕರಣವನ್ನೋ ಕಾರಿನ ಬ್ರೇಕನ್ನೋ ನಡೆಸುವ ಕರ್ನಲ್ಲಿಗೆ ಆದ್ಯತೆ ಬರೆಯಲು ಕೂತ ಎಂಜಿನಿಯರ್, ಪಟ್ಟಿಯ ಮೇಲಿನ ಹೆಸರುಗಳನ್ನು ನೋಡಿದ ಮೇಲೆ ಕೊನೆಯ ಹೆಸರನ್ನೂ ಒಮ್ಮೆ ನೋಡಬೇಕು: ಇದು ಎಷ್ಟು ಹೊತ್ತು ಕಾಯಬಲ್ಲದು, ಕಾದರೆ ಯಾರಿಗೆ ಏನಾಗುತ್ತದೆ ಎಂದು.